ಚಂದ್ರಿಕೆಯ ಮೇಲಿನ ಇಂಗ್ಲಿಷು

ಅಟ್ಟದ ಮೇಲಿರುವ ಹಳೇ ಚಂದ್ರಿಕೆ ತನಗೆ ಬೇಕು ಅಂತ ನನ್ನ ಮಗಳು ಮಂಜುಳ ಹಟ ಹಿಡಿದಿದ್ದಾಳೆ. ತಲೆಯಲ್ಲಿ ಕಪ್ಪು ಕೂದಲಿಗಿಂತ ಬಿಳಿಯದೇ ಹೆಚ್ಚಾಗಿದೆ, ಹಟ ಮಾತ್ರ ನರೆತಿಲ್ಲ. ಕೋಲಾರದಲ್ಲಿ ಅವಳ ಮನೆಯ ಹಾಲ್‌ನ ಗೋಡೆಗೆ ಅದನ್ನು ಅಂದಕ್ಕೆ ತಗುಲಿಹಾಕುತ್ತಾಳಂತೆ. ಈಗ ಅದು ಫ್ಯಾಷನ್ನಂತೆ. ನಾವು ಬೆನ್ನು ಮುರಿದುಕೊಂಡ ಸಾಮಾನೆಲ್ಲ ಇವರಿಗೆ ಅಲಂಕಾರ. ನಾಳೆ ರಾಗಿ ಕಲ್ಲನ್ನೂ ಷೋಕೇಸಿನಲ್ಲಿ ಇಟ್ಟಾರು.

ಚಂದ್ರಿಕೆ ಕಾಣದವರಿಗೆ ಹೇಳಿಬಿಡುತ್ತೇನೆ. ಅದು ಬಿದಿರಿನ ದೊಡ್ಡ ತಟ್ಟಿ, ಹೆಚ್ಚುಕಡಿಮೆ ಆಳೆತ್ತರ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುತ್ತಿ ಸುತ್ತಿ ನಿಲ್ಲಿಸಿರುತ್ತಾರೆ. ರೇಷ್ಮೆ ಹುಳು ಹಣ್ಣಾದ ಮೇಲೆ ಆರಿಸಿ ಆ ಸುರುಳಿಯ ಸಂದಿನಲ್ಲಿ ಬಿಟ್ಟರೆ ಅಲ್ಲೇ ಗೂಡು ಕಟ್ಟಿಕೊಳ್ಳುತ್ತದೆ. ಹಣ್ಣಾಗುವುದು ಅಂದರೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಜಾಗ ಹುಡುಕುವುದು. ಆ ಹೊತ್ತಿಗೆ ಚಂದ್ರಿಕೆ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಅದು ಗೋಡೆ ಹತ್ತುತ್ತದೆ, ತೊಲೆ ಹತ್ತುತ್ತದೆ, ನಿಮ್ಮ ಸೀರೆಯ ಸೆರಗೂ ಹತ್ತುತ್ತದೆ, ಹೋದಲ್ಲೆಲ್ಲ ನೂಲು ಬಿಟ್ಟು ಹಾಳುಮಾಡುತ್ತದೆ. ಹುಳುವಿಗೆ ಕಾಯುವುದು ಗೊತ್ತಿಲ್ಲ.

ಇಳಿಸಿ ಧೂಳು ಕೊಡವಿದೆವು. ಸುರುಳಿಯ ಒಳಗೆ ಒಂದು ರಟ್ಟಿನ ಚೂರು ಸಿಕ್ಕಿಕೊಂಡಿತ್ತು. ಅರ್ಧಕ್ಕೆ ಹಳೇ ರೇಷ್ಮೆಯ ಎಳೆ ಮೆತ್ತಿಕೊಂಡಿದೆ. ಮೊಮ್ಮಗಳು ಕನ್ನಡಕ ಏರಿಸಿಕೊಂಡು ಓದಿದಳು: ಅಂಬ್ರೆಲಾ. ಮಳೆಯನ್ನೇ ಅಪರೂಪಕ್ಕೆ ಕಾಣುವ ನಮ್ಮ ಕಡೆಗೆ ಅದಕ್ಕಿಂತ ಕೆಲಸಕ್ಕೆ ಬಾರದ ಮಾತು ಇನ್ನೊಂದಿರಲಿಲ್ಲ, ಉಳಿದದ್ದು ನೋಡಿ ಅದೇ.

ಅದು ವಿಜಯಾ ಮಿಸ್ಸಿನ ಕೈಬರಹ. ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಆ ಲೆಕ್ಕದಲ್ಲಿ ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಇರಬೇಕು. ನಮ್ಮೂರು ಗೌನಿಪಲ್ಲಿಗೂ ರಾಯಲ್ಪಾಡಿಗೂ ನಡುವೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ಅಂದರೆ ಔಷಧಿ ಬಾಟಲಿಯ ಮೇಲೆ ಇರುವುದು ಅಂತ ತಿಳಿದುಕೊಂಡಿದ್ದ ಜನ ನಾವು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಲ್ಲಿಗೇ ಸಾಕು ಅಂದರು ನಮ್ಮಪ್ಪ, ಸಾಕಾಯಿತು.

ಊರಲ್ಲಿ ಹೈಸ್ಕೂಲು ಇತ್ತು. ಸರ್ಕಾರದ್ದಲ್ಲ, ಕಮಿಟಿಯದು. ಕಮಿಟಿಗೆ ಒಬ್ಬ ಛೇರ್ಮನ್. ಜಾಗ ಕೊಟ್ಟದ್ದು ಅವನ ತಂದೆ, ಹಾಗಾಗಿ ಗಂಟೆ ಹೊಡೆಯುವುದಕ್ಕೂ ಅವನ ಅಪ್ಪಣೆ ಬೇಕು. ಬಂದ ಮೇಷ್ಟ್ರುಗಳೆಲ್ಲ ಬೆಳಿಗ್ಗೆ ಎದ್ದು ಮೊದಲು ಅವನ ಮನೆಗೆ ಹೋಗಿ ಅವನ ಮಕ್ಕಳಿಗೆ ಪಾಠ ಹೇಳಬೇಕು, ಅವನ ಅರ್ಜಿಗಳನ್ನು ಬರೆದುಕೊಡಬೇಕು, ಆಮೇಲೆ ಶಾಲೆ. ಇಂಗ್ಲಿಷಿನ ಮೇಷ್ಟ್ರುಗಳು ಒಬ್ಬರಾದ ಮೇಲೆ ಒಬ್ಬರು ಓಡಿಹೋದರು. ಇದ್ದಷ್ಟು ದಿನ ಅವರು ಮಾಡಿದ ಪಾಠವೂ ಅಷ್ಟಕ್ಕಷ್ಟೇ. ಬೋರ್ಡಿನ ಮೇಲೆ ಪದ, ಅದರ ಮುಂದೆ ಅರ್ಥ, ಕೈಯಲ್ಲಿ ಹುಣಿಸೆ ಬರಲು. ಮಕ್ಕಳಿಗೆ ನೆನಪುಳಿದದ್ದು ಬರಲು.

ಆಮೇಲೆ ವಿಜಯಾ ಮಿಸ್ಸು ಬಂದರು. ಕೋಲಾರದವರು, ಇನ್ನೂ ಮದುವೆ ಇಲ್ಲ, ಟ್ರಂಕು, ಒಂದು ಹಾಸಿಗೆ, ಮುಖದ ತುಂಬ ಪೌಡರು. ಒಬ್ಬಂಟಿ ಹೆಣ್ಣುಮಗಳಿಗೆ ಊರಲ್ಲಿ ಮನೆ ಕೊಡುವವರಿಲ್ಲ. ನಮ್ಮ ಮುಂದಿನ ಕೋಣೆ ಖಾಲಿ ಇತ್ತು, ಬನ್ನಿ ಅಂದೆ. ಬಂದ ದಿನವೇ ಜಗಳವೂ ಆಯಿತು. ಮಿಸ್ಸಿನ ಕೋಣೆಗೂ ಹುಳದ ಮನೆಗೂ ನಡುವೆ ಒಂದೇ ಗೋಡೆ. ಹುಳುವಿಗೆ ವಾಸನೆ ಆಗದು. ಹೊಗೆಸೊಪ್ಪು ಆಗದು, ಊದುಬತ್ತಿ ಆಗದು, ಪೌಡರು ಆಗದು.

"ಮಿಸ್ಸೂ, ಆ ಪೌಡರ್ ಡಬ್ಬ ಸ್ಕೂಲಲ್ಲೇ ಇಟ್ಕೊಳಿ. ಅಲ್ಲೇ ಬಳ್ಕೊಂಡು ಅಲ್ಲೇ ತೊಳ್ಕೊಂಡು ಬನ್ನಿ," ಅಂದೆ.

ಪಾಪ, ಮುಖ ಸಣ್ಣದಾಯಿತು. ಆದರೆ ಮಾರನೇ ದಿನದಿಂದ ಪೌಡರು ಇಲ್ಲ. ಅದನ್ನು ನೋಡಿ ಈ ಹುಡುಗಿ ನಿಲ್ಲುತ್ತಾಳೆ ಅಂದುಕೊಂಡೆ.

ಅವರು ಪಾಠ ಮಾಡುವ ರೀತಿಯೇ ಬೇರೆ. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕೂತು ನನ್ನ ಸಾಮಾನು ಒಂದೊಂದನ್ನೇ ಕೇಳುವರು. ಮೊರ, ಜರಡಿ, ಮುದ್ದೆ ಕೋಲು. ಮಾರನೇ ದಿನ ಅವೆಲ್ಲ ಶಾಲೆಗೆ. ಮಧ್ಯಾಹ್ನ ಮುದ್ದೆ ತೊಳಸಬೇಕಾದರೆ ನನ್ನ ಕೋಲು ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಕಲಿಯುತ್ತಿರುತ್ತಿತ್ತು. ಹುಣಿಸೆಹಣ್ಣಿಗೆ ಟ್ಯಾಮರಿಂಡ್ ಅಂತ ನಾನು ಕಲಿತದ್ದು ಹಾಗೆ, ಸಾರಿಗೆ ಹುಳಿ ಹಿಂಡುತ್ತ. ಒಂದು ದಿನ ಮೂಲೆಯಲ್ಲಿ ಒರಗಿಸಿದ್ದ ಚಂದ್ರಿಕೆಯನ್ನು ನೋಡಿ ಮಿಸ್ಸಿನ ಕಣ್ಣು ಅರಳಿತು. ಬೆಂಕಿಪೊಟ್ಟಣದ ರಟ್ಟನ್ನು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಪದ ಬರೆದು, ಸುರುಳಿಯ ಸಂದಿನಲ್ಲಿ ಸಿಕ್ಕಿಸಿಟ್ಟರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಒಂದು ಚೂರು ಕೀಳಬೇಕು, ಓದಬೇಕು, ಆ ಪದ ಇಟ್ಟು ಒಂದು ಮಾತು ಹೇಳಬೇಕು. ಹೇಳಿದರೆ ಚೂರು ಅವರದು. ಹೇಳದಿದ್ದರೆ ವಾಪಸು ಗೂಡಿಗೆ. ಮಕ್ಕಳು ಅದಕ್ಕೆ ಜಗಳವಾಡುತ್ತಿದ್ದವು. ನಾವು ಗೂಡು ಕಟ್ಟಿಸುವ ಜಾಗದಲ್ಲಿ ಮಿಸ್ಸು ಇಂಗ್ಲಿಷ್ ಕಟ್ಟಿಸಿದರು. ಹುಳ ಇಲ್ಲದಾಗ ಚಂದ್ರಿಕೆ ಸುಮ್ಮನೆ ಬಿದ್ದಿರುತ್ತದಲ್ಲ, ತಗೊಂಡುಹೋಗಿ ಅಂದೆ.

ಪದಗಳಾದ ಮೇಲೆ ಅಲಂಕಾರ ಶುರುವಾಯಿತು. ಅದನ್ನು ಸಂಜೆ ಹೊತ್ತು ಜಗಲಿಯ ಮೇಲೆ ಮಕ್ಕಳಿಗೆ ಇನ್ನೊಂದು ಸಲ ಹೇಳಿಕೊಡುತ್ತಿದ್ದರು, ನಾನು ಒಳಗೆ ಸೊಪ್ಪು ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಂದನ್ನು ಇನ್ನೊಂದರ ಹಾಗೆ ಅಂದರೆ ಸಿಮಿಲಿ. 'ಹಾಗೆ' ತೆಗೆದುಬಿಟ್ಟರೆ ಮೆಟಫರ್. ಕತ್ತೆಯ ಹಾಗೆ ಕೂಗಬೇಡ ಅಂದರೆ ಸಿಮಿಲಿ, ಸುಮ್ಮನಿರು ಕತ್ತೆ ಅಂದರೆ ಮೆಟಫರ್. ಹಾಗಾದರೆ ನಾನು ಮದುವೆಯಾದಾಗಿನಿಂದ ನಮ್ಮ ಯಜಮಾನರಿಗೆ ಹೇಳಿಕೊಂಡು ಬಂದದ್ದೆಲ್ಲ ಮೆಟಫರ್ರೇ. ಹುಳಗಳು ಪೊರೆ ಕಳಚುವ ನಾಲ್ಕನೇ ಜ್ವರ ಬಿಟ್ಟೆದ್ದು ಸೊಪ್ಪು ಕಡಿಯುವ ಸದ್ದು ಗೋಡೆಯಾಚೆಯಿಂದ ಸರಸರ ಅಂತ ಬರುತ್ತಿದ್ದಾಗ ಮಿಸ್ಸು ಮಕ್ಕಳಿಗೆ ಕೇಳಿಸಿಕೊಳ್ಳಿ ಅಂದರು. ಸದ್ದನ್ನೇ ಮಾತು ಮಾಡಿಕೊಂಡರೆ ಅದಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿದೆಯಂತೆ. ಆ ಹೆಸರು ಗೌನಿಪಲ್ಲಿಯಿಂದ ಶ್ರೀನಿವಾಸಪುರದವರೆಗಿನಷ್ಟು ಉದ್ದ, ನನಗೆ ಇವತ್ತಿಗೂ ಬಾಯಲ್ಲಿ ನಿಂತಿಲ್ಲ. ಸರಸರ ಅಂದರೆ ಸಾಲದಾ, ಅದಕ್ಕೆ ಮೇಲೊಂದು ಹೆಸರು ಯಾಕೆ ಅಂತ ಕೇಳಿದೆ. ಪರೀಕ್ಷೆಯಲ್ಲಿ ಕೇಳ್ತಾರೆ ಅಕ್ಕ ಅಂದರು.

ಸಿಮಿಲಿಗೆ ಉದಾಹರಣೆ ತನ್ನಿ ಅಂದರೆ ಮಕ್ಕಳು ಗೈಡಿನಿಂದ ಸಿಂಹ ತಂದರು, ಚಂದ್ರ ತಂದರು. ಗೌನಿಪಲ್ಲಿ ಕಡೆ ಯಾರು ಸಿಂಹ ನೋಡಿದ್ದೀರಿ, ಕೈ ಎತ್ತಿ ಅಂದರಂತೆ ಮಿಸ್ಸು. ಯಾರೂ ಎತ್ತಲಿಲ್ಲ. ಹಾಗಾದರೆ ಮನೆಯಲ್ಲಿ ದೊಡ್ಡವರು ಆಡುವ ಮಾತಿನಿಂದ ತನ್ನಿ, ಆದರೆ ನೀವು ಕಣ್ಣಾರೆ ಕಂಡು ನಿಜ ಅಂತ ಗೊತ್ತಿರುವುದನ್ನೇ ಹೇಳಬೇಕು ಅಂತ ಕಟ್ಟುನಿಟ್ಟು ಮಾಡಿದರು. ಅದೇ ಒಂಬತ್ತನೇ ತರಗತಿಯಲ್ಲಿದ್ದ ಮಂಜುಳ ನನ್ನ ಹತ್ತಿರ ಬಂದಳು.

ಅವತ್ತು ನನಗೆ ಕೋಪ ನೆತ್ತಿಗೇರಿತ್ತು. ಯಾಕೆಂದರೆ ಮಿಸ್ಸಿನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಸರಿ ಅಂತ ಬರೆದರೆ ಸರ್ಕಾರದ ಮಂಜೂರಾತಿ, ಇಲ್ಲದಿದ್ದರೆ ಟ್ರಂಕು ಎತ್ತಿಕೊಂಡು ಹೊರಡುವುದು. ಮಿಸ್ಸಿನ ತಂದೆ ಹಾಸಿಗೆ ಹಿಡಿದಿದ್ದರು, ಕೋಲಾರದ ಆ ಮನೆ ನಡೆಯುತ್ತಿದ್ದದ್ದು ಈ ಹುಡುಗಿಯಿಂದ. ಛೇರ್ಮನ್ನಿಗೆ ಮುಳಬಾಗಿಲಲ್ಲಿ ಒಬ್ಬ ತಮ್ಮನ ಮಗ ಇದ್ದ, ಬಿ.ಎ. ಮಾಡಿ ಮನೆಯಲ್ಲಿ ಕೂತಿದ್ದ. ಆ ಜಾಗಕ್ಕೆ ಅವನನ್ನು ತರಬೇಕು ಅಂತ ಛೇರ್ಮನ್ ಕಾಯುತ್ತಿದ್ದ. ಮಿಸ್ಸು ಬೆಳಿಗ್ಗೆ ಅವನ ಮನೆಗೆ ಹೋಗಿ ಪಾಠ ಹೇಳಲು ಒಪ್ಪಿರಲಿಲ್ಲ, ಅದು ಬೇರೆ ಉರಿ. ಅವತ್ತು ಹಾಲಿನ ಡೈರಿ ಮುಂದೆ ನಿಂತು, ಈ ಸ್ಕೂಲು ನಡೀತಿರೋದೇ ನನ್ನ ನೆರಳಲ್ಲಿ, ನಾಲ್ಕು ಜನ ನಿಂತಿದ್ದಾರೆ ಅಂದರೆ ನನ್ನ ನೆರಳಲ್ಲಿ ಅಂತ ಭಾಷಣ ಮಾಡುತ್ತಿದ್ದ.

ಮನೆಗೆ ಬಂದು ಸೊಪ್ಪು ಹೆಚ್ಚುತ್ತ ನಾನು ಅಂದೆ, "ಆ ಛೇರ್ಮನ್ನು ಹುಣಿಸೆಮರ ಇದ್ದ ಹಾಗೆ ಕಣೇ. ನೆರಳೇನೋ ದಂಡಿಯಾಗಿ ಕೊಡ್ತಾನೆ, ಕೆಳಗೆ ಒಂದು ಕಡ್ಡಿ ಹುಲ್ಲು ಬೆಳೆಯಲ್ಲ."

ಮಂಜುಳ ಆ ಮಾತನ್ನು ಬಾಯಲ್ಲೇ ಎರಡು ಸಲ ಆಡಿಕೊಂಡು, ಹ್ಞೂಂ, ಇದು ಚೆನ್ನಾಗಿದೆ ಅಂತ ಎದ್ದುಹೋದಳು. ನಾನು ಸೊಪ್ಪಿನ ಕಡೆ ನೋಡಿದೆ.

ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು. ನಮ್ಮ ಹುಳ ಅದರ ಮಾರನೇ ದಿನ ಹಣ್ಣಾಗಬೇಕಿತ್ತು. ಆ ಲೆಕ್ಕದಲ್ಲಿ ಚಂದ್ರಿಕೆ ಒಂದು ದಿನ ಶಾಲೆಯಲ್ಲಿರಲಿ ಅಂತ ನಾನೇ ಬಿಟ್ಟಿದ್ದೆ. ಆದರೆ ಬಿಸಿಲು ಏರಿತ್ತು. ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ಹುಳದ ಮನೆಯ ಬಾಗಿಲು ತೆಗೆದರೆ ಅರ್ಧಕ್ಕರ್ಧ ಹುಳ ತಲೆ ಎತ್ತಿ ಕೂತಿದೆ. ಯಜಮಾನರು ಬಾಡಿಗೆ ಚಂದ್ರಿಕೆಗಳನ್ನು ತರಲು ರಾಯಲ್ಪಾಡಿಗೆ ಹೋದರು. ಮಿಸ್ಸು, ಮಂಜುಳ ಇಬ್ಬರೂ ಆಗಲೇ ಶಾಲೆಗೆ ಹೊರಟಿದ್ದರು. ಮಿಸ್ಸು ತಿಂಡಿಯನ್ನೂ ತಿಂದಿರಲಿಲ್ಲ. ಮಂಜುಳ ಎರಡು ಜಡೆ ಹಾಕಿ ಟೇಪು ಕಟ್ಟಿಕೊಂಡಿದ್ದಳು.

ಹುಳ ಹಣ್ಣಾದ ದಿನ ಪಕ್ಕದ ಮನೆಯವರು ಕರೆಯದೆ ಬಂದು ಆರಿಸಿಕೊಡುವುದು ನಮ್ಮ ಕಡೆ ಪದ್ಧತಿ. ಅವರ ಹುಳಕ್ಕೆ ನಾವು ಹೋಗುತ್ತೇವೆ. ಪಕ್ಕದ ಮನೆಯ ನಾಗಮ್ಮ ಬಂದಳು. ಅವಳ ಮಗನೂ ಒಂಬತ್ತನೇ ತರಗತಿ. ಕೈ ಹುಳದ ಮೇಲೆ, ಬಾಯಿ ಊರ ಮೇಲೆ, ಹಾಗೆ ಕೆಲಸ ಸಾಗುತ್ತಿತ್ತು.

ನಾಗಮ್ಮ ನಗುತ್ತ ಹೇಳಿದಳು: ಇವತ್ತು ಇನ್‌ಸ್ಪೆಕ್ಟರ ಎದುರಿಗೆ ಒಬ್ಬೊಬ್ಬ ಮಗುವೂ ಎದ್ದು ಮನೆಯಿಂದ ತಂದ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕಂತೆ. ನನ್ನ ಮಗ ನಮ್ಮತ್ತೆಯ ಕೈ ರಾಗಿ ಕಲ್ಲಿನ ಹಾಗೆ ಅಂತ ಹೇಳುತ್ತಾನಂತೆ. ಮುದುಕಿಗೆ ಗೊತ್ತಾದರೆ ಆ ಕೈಯಲ್ಲೇ ಬಾರಿಸುತ್ತಾಳೆ.

ಆಮೇಲೆ ಕೇಳಿದಳು, "ನಿಮ್ಮ ಮಂಜಿ ಏನು ಹೇಳ್ತಾಳಂತೆ ಅಕ್ಕಾ? ನಮ್ಮೋನು ಕೇಳಿದ್ರೆ, ಹುಣಿಸೆಮರ ಅಂದ್ಲಂತೆ, ಅದಕ್ಕಿಂತ ಜಾಸ್ತಿ ಬಾಯಿ ಬಿಡಲಿಲ್ಲವಂತೆ."

ನನ್ನ ಕೈ ನಿಂತುಹೋಯಿತು. ಛೇರ್ಮನ್ನು ಇನ್‌ಸ್ಪೆಕ್ಟರ ಪಕ್ಕದಲ್ಲೇ ಕೂತಿರುತ್ತಾನೆ, ಕೂರದೆ ಬಿಡುವವನಲ್ಲ. ಅವನ ಮುಖದ ಮುಂದೆ, ಅವನ ಶಾಲೆಯಲ್ಲಿ, ಮಿಸ್ಸು ಹೇಳಿಕೊಟ್ಟ ಪಾಠದಲ್ಲಿ ನನ್ನ ಮಗಳು ಎದ್ದು ನಿಂತು ನೀನು ಹುಣಿಸೆಮರ ಅನ್ನುತ್ತಾಳೆ. ಮುಳಬಾಗಿಲಿನ ಬಿ.ಎ.ಗೆ ಇದಕ್ಕಿಂತ ಒಳ್ಳೇ ಬಾಗಿಲು ಬೇಕೆ? ಮಕ್ಕಳಿಗೆ ದೊಡ್ಡವರನ್ನು ಬಯ್ಯುವುದು ಕಲಿಸುತ್ತಾಳೆ ಈಕೆ ಅಂತ ಬರೆಸಿದರೆ ಮಿಸ್ಸು ಸಂಜೆಯ ಬಸ್ಸಿಗೇ ಟ್ರಂಕು ಏರಿಸಬೇಕು. ಮಾತು ತಪ್ಪು ಅಂತಲ್ಲ. ಮಾತು ಸರಿಯಾಗಿಯೇ ಇತ್ತು, ಇವತ್ತಿಗೂ ಸರಿಯಾಗಿಯೇ ಇದೆ. ಆದರೆ ಅದನ್ನು ಆಡಬೇಕಾದವಳು ನಾನು, ಆಡಬೇಕಾದ ಜಾಗ ನನ್ನ ಹುಳದ ಮನೆ.

ಇರುವ ಚಂದ್ರಿಕೆಗಳೆಲ್ಲ ತುಂಬುತ್ತ ಬಂದಿದ್ದವು. ಶಾಲೆಯಲ್ಲಿರುವುದನ್ನು ತಂದುಬಿಡುತ್ತೇನೆ, ಅಲ್ಲಿಯವರೆಗೆ ನೋಡಿಕೋ ಅಂತ ನಾಗಮ್ಮನಿಗೆ ಹೇಳಿದೆ. ಬಿಟ್ಟು ಹೋದರೆ ಹುಳ ಗೋಡೆ ಹತ್ತುತ್ತೆ ಅಂತ ಅವಳು ಗಾಬರಿಯಾದಳು. ಹತ್ತಲಿ ಅಂದೆ. ಹಣ್ಣು ಹುಳ ಬಿಟ್ಟು ಹೊರಗೆ ಕಾಲಿಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಶಾಲೆ ಊರಾಚೆ, ಮಾವಿನ ತೋಪು ದಾಟಿ. ಬಿಸಿಲಿಗೆ ಹಾದಿಯ ಮಣ್ಣು ಕಾದಿತ್ತು, ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹುಳದ ಮನೆಗೆ ಚಪ್ಪಲಿ ಹಾಕುವುದಿಲ್ಲ, ಹೊರಟ ಅವಸರದಲ್ಲಿ ನೆನಪೂ ಆಗಲಿಲ್ಲ. ಓಡಿದರೆ ಜನ ಏನಾಯಿತು ಅಂತ ಕೇಳುತ್ತಾರೆ, ನಡೆದರೆ ಹೊತ್ತಾಗುತ್ತದೆ. ಎರಡಕ್ಕೂ ನಡುವೆ ಏನೋ ಒಂದು ಮಾಡಿಕೊಂಡು ಹೋದೆ. ತೋಪಿನ ಕಾವಲಿನವನು ಯಾಕಮ್ಮಾ ಅಂದ, ಚಂದ್ರಿಕೆ ಅಂದೆ. ಹೋಗುವಾಗ ತಲೆಯಲ್ಲಿ ಒಂದೇ ಲೆಕ್ಕ. ಮಂಜುಳ ಹುಡುಗಿಯರ ಮೂರನೇ ಬೆಂಚು. ಇನ್‌ಸ್ಪೆಕ್ಟರು ಯಾವ ಕಡೆಯಿಂದ ಶುರುಮಾಡುತ್ತಾರೋ ದೇವರೇ ಬಲ್ಲ.

ಹೋಗಿ ಕಿಟಕಿಯ ಹತ್ತಿರ ನಿಂತೆ. ಬಾಗಿಲಲ್ಲಿ ನಿಲ್ಲಲು ಧೈರ್ಯ ಬರಲಿಲ್ಲ ಅಂತಲ್ಲ, ಅಲ್ಲಿ ಜವಾನ ನಿಂತಿದ್ದ. ಒಳಗೆ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ, ಪಕ್ಕದಲ್ಲಿ ಅಂಗವಸ್ತ್ರ ಹೊದ್ದ ಛೇರ್ಮನ್ನು, ಅವನ ಹಿಂದೆ ಹೆಡ್‌ಮೇಷ್ಟ್ರು. ಬೋರ್ಡಿನ ಪಕ್ಕ ನನ್ನ ಚಂದ್ರಿಕೆ, ಮೈತುಂಬ ರಟ್ಟಿನ ಚೂರು. ಅದರ ಪಕ್ಕ ಮಿಸ್ಸು, ಸುಣ್ಣ ಹೊಡೆದ ಮುಖ.

ಹುಡುಗರ ಸರದಿ ನಡೆಯುತ್ತಿತ್ತು. ಒಬ್ಬ ಎದ್ದು, "ಮೈ ಫಾದರ್ ಈಸ್ ಲೈಕ್ ರಾಯಲ್ಪಾಡ್ ಬಸ್, ಸರ್. ನೋ ಟೈಮ್," ಅಂದ. ಇನ್‌ಸ್ಪೆಕ್ಟರು ಮೀಸೆಯಲ್ಲೇ ನಕ್ಕರು. ಛೇರ್ಮನ್ನಿಗೆ ಇಂಗ್ಲಿಷು ನನ್ನಷ್ಟೇ ಬರುತ್ತಿತ್ತು. ಹೆಡ್‌ಮೇಷ್ಟ್ರು ಬಗ್ಗಿ ಅವನ ಕಿವಿಯಲ್ಲಿ ಒಂದೊಂದನ್ನೂ ಕನ್ನಡ ಮಾಡಿ ಹೇಳುತ್ತಿದ್ದರು, ಅವನಿಗೆ ಕಿವಿ ಮಂದವಾದ್ದರಿಂದ ಕಿಟಕಿಯವರೆಗೂ ಕೇಳುವ ಹಾಗೆ. ಛೇರ್ಮನ್ನು ಕೇಳಿಸಿಕೊಂಡು, ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬನೇ ನಗುವನು. ಅಂದರೆ ಮಂಜುಳ ಹೇಳುವುದೂ ಹೀಗೇ ಕನ್ನಡವಾಗಿ ಅವನ ಕಿವಿಗೆ ಇಳಿಯುತ್ತದೆ, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು.

ನಾಗಮ್ಮನ ಮಗ ಅಜ್ಜಿಯ ಕೈ ಹೇಳಿ ಕೂತ. ಇನ್‌ಸ್ಪೆಕ್ಟರು ಬೆರಳನ್ನು ಹುಡುಗಿಯರ ಕಡೆಗೆ ತಿರುಗಿಸಿ ಮೂರನೇ ಬೆಂಚು ತೋರಿಸಿದರು. ಮಂಜುಳ ಎದ್ದಳು. ಎದ್ದವಳು ನೇರ ಕಿಟಕಿಯ ಕಡೆ ನೋಡಿದಳು, ನನ್ನನ್ನು ಕಂಡಳು. ನಮ್ಮ ಮನೆಯಲ್ಲಿ ಮಕ್ಕಳಿಗೆ ನಾನು ಹೊಡೆಯುವುದು ಕಡಿಮೆ, ಕಣ್ಣು ಬಿಟ್ಟರೆ ಸಾಕಿತ್ತು. ನನ್ನಲ್ಲಿ ಇದ್ದ ಕಣ್ಣನ್ನೆಲ್ಲ ಬಿಟ್ಟೆ. ಬೇಡ ಅಂತ ತಲೆ ಆಡಿಸಿದೆ. ಅವಳು ನೋಡಿದಳು, ನೋಡಿಯೂ ಕಣ್ಣು ತಗ್ಗಿಸಲಿಲ್ಲ. ಹುಟ್ಟಿದಾಗಿನಿಂದ ಅದು ಮೊದಲ ಸಲ.

ಮೊದಲ ಮಾತು ಇಂಗ್ಲಿಷಿನ 'ಅವರ್', ಅಂದರೆ 'ನಮ್ಮ' ಅಂತ ಬಂದರೆ ಮುಗಿಯಿತು, ಅದರ ಹಿಂದೆ ಛೇರ್ಮನ್ನೇ ಬರುವುದು ಅಂತ ಕಿಟಕಿಯ ಸರಳು ಹಿಡಿದುಕೊಂಡೆ.

"ಮೈ ಮದರ್," ಅಂದಳು ಮಂಜುಳ. "ಮೈ ಮದರ್ ಈಸ್ ಲೈಕ್ ಎ ಟ್ಯಾಮರಿಂಡ್ ಟ್ರೀ, ಸರ್."

ಇನ್‌ಸ್ಪೆಕ್ಟರಿಗೆ ಕುತೂಹಲವಾಯಿತು. ಯಾಕೆ ಅಂತ ಕೇಳಿದರು.

"ಬಿಗ್ ಶೇಡ್, ಸರ್. ಬಟ್ ನೋ ಗ್ರಾಸ್ ಗ್ರೋಸ್ ಅಂಡರ್ ಹರ್."

ಹೆಡ್‌ಮೇಷ್ಟ್ರು ಬಗ್ಗಿ ಕನ್ನಡ ಮಾಡಿದರು. ಈ ಸಲ ಛೇರ್ಮನ್ನು ಎಲ್ಲರಿಗಿಂತ ಮೊದಲು ನಕ್ಕ. ತೊಡೆ ತಟ್ಟಿಕೊಂಡು ನಕ್ಕ. "ಸರಿಯಾಗಿ ಹೇಳಿದ್ಲು ಕಣಯ್ಯಾ. ಆ ರತ್ನಮ್ಮನ ಬಾಯಿಗೆ ಗರಿಕೆ ಕೂಡ ಒಣಗಿಹೋಗ್ತದೆ," ಅಂದ. ತನ್ನ ಅಳತೆಗೆ ಹೊಲಿದ ಅಂಗಿಯನ್ನು ನನಗೆ ತೊಡಿಸಿದ್ದು ಅವನಿಗೆ ಗೊತ್ತಿಲ್ಲ. ಇನ್‌ಸ್ಪೆಕ್ಟರೂ ನಕ್ಕರು, ಮಕ್ಕಳೂ ನಕ್ಕವು, ಜವಾನನೂ ನಕ್ಕ. ಮಿಸ್ಸು ಮಾತ್ರ ನಗಲಿಲ್ಲ, ಅವರು ಕಿಟಕಿಯನ್ನು ನೋಡಿಬಿಟ್ಟಿದ್ದರು. ಅವರು ನೋಡಿದ ಕಡೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ನಗು ನಿಂತಿತು.

ಯಾರು ಅಂತ ಇನ್‌ಸ್ಪೆಕ್ಟರು ಕೇಳಿದರು. ಮಂಜುಳನ ತಾಯಿ ಅಂದರು ಮಿಸ್ಸು, ಸಣ್ಣ ದನಿಯಲ್ಲಿ. ಆ ಮನುಷ್ಯ ಒಳ್ಳೆಯವನು, ಮುಜುಗರಪಟ್ಟುಕೊಂಡು ಒಳಗೆ ಕರೆದರು. ಮಗಳು ಹೀಗಂದಳಲ್ಲಮ್ಮಾ, ಬೇಜಾರಾಯಿತೇ ಅಂತ ಕೇಳಿದರು.

"ಬೇಜಾರು ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ ಸಾರ್. ಮನೇಲಿ ಹುಳ ಹಣ್ಣಾಗವೆ. ನನ್ನ ಚಂದ್ರಿಕೆ ಕೊಡ್ಸಿ," ಅಂದೆ.

ಮಿಸ್ಸು ಗಡಿಬಿಡಿಯಲ್ಲಿ ಚೂರುಗಳನ್ನು ಕೀಳಲು ಕೈ ಹಾಕಿದರು. ಇನ್‌ಸ್ಪೆಕ್ಟರು ತಡೆದರು. ನೀವು ಬೇಡ, ಮಕ್ಕಳೇ ಕೀಳಲಿ, ಕಿತ್ತವರು ಓದಿ ಒಂದು ಮಾತು ಹೇಳಲಿ, ಬೇಗ ಬೇಗ, ಆಯಮ್ಮ ಕಾಯುತ್ತಿದ್ದಾರೆ ಅಂದರು. ಮಕ್ಕಳು ನುಗ್ಗಿದವು. ಮೊರ ಕಿತ್ತವನು ಮೊರ ಹೇಳಿದ, ಜರಡಿ ಕಿತ್ತವಳು ಜರಡಿ ಹೇಳಿದಳು. ಗೈಡಿನಲ್ಲಿ ಇಲ್ಲದ ಮಾತು, ಎಲ್ಲ ನನ್ನ ಅಡುಗೆಮನೆಯ ಮಾತು. ನಾನು ನಡುವೆ ನಿಂತು ಬೇಗ ಬೇಗ ಅಂತ ಗದರುತ್ತಿದ್ದೆ. ಮಕ್ಕಳು ಮಿಸ್ಸಿನ ಭಯಕ್ಕಿಂತ ನನ್ನ ಭಯಕ್ಕೇ ಇಂಗ್ಲಿಷ್ ಸರಸರ ಹೇಳಿದವು ಅಂತ ಕಾಣುತ್ತದೆ. ಇನ್‌ಸ್ಪೆಕ್ಟರು ಏನೋ ಬರೆದುಕೊಳ್ಳುತ್ತಲೇ ಇದ್ದರು. ಛೇರ್ಮನ್ನು ಬಗ್ಗಿ ಆ ಕಡೆ ನೋಡಿದ, ಇಂಗ್ಲಿಷಿನಲ್ಲಿತ್ತು, ಸುಮ್ಮನೆ ನೆಟ್ಟಗೆ ಕೂತ. ಚಂದ್ರಿಕೆ ಖಾಲಿಯಾಯಿತು ಅಂದರು, ತಲೆಯ ಮೇಲೆ ಹೊತ್ತುಕೊಂಡು ಹೊರಟೆ. ಒಂದು ಚೂರು ಒಳಗೆ ಉಳಿದದ್ದನ್ನು ಯಾರೂ ನೋಡಲಿಲ್ಲ.

ಮನೆಗೆ ಬಂದರೆ ಹುಳ ಗೋಡೆ ಹತ್ತಿತ್ತು. ನಾಗಮ್ಮ ನೆಂಟರಿಗೆಲ್ಲ ಹೇಳಿ ಕಳಿಸಿ ಮೂರು ಹೆಂಗಸರನ್ನು ಕೂಡಿಸಿಕೊಂಡು ಒದ್ದಾಡುತ್ತಿದ್ದಳು. ಯಜಮಾನರು ಬಂದದ್ದು ರಾಯಲ್ಪಾಡಿನ ಬಸ್ಸಿನ ಹಾಗೆಯೇ, ಎಲ್ಲ ಮುಗಿಯುವ ಹೊತ್ತಿಗೆ. ತೊಲೆಯ ಮೇಲೆ ಕಟ್ಟಿದ ಗೂಡುಗಳು ಆ ವರ್ಷವೆಲ್ಲ ಅಲ್ಲೇ ಇದ್ದವು, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಸಂಜೆ ಶಾಲೆ ಬಿಟ್ಟು ಇಬ್ಬರೂ ಬಂದರು. ಕೈಕಾಲು ತೊಳೆದು, ಹೇಳುವ ಮೊದಲೇ ಹುಳ ಆರಿಸಲು ಕೂತರು. ಇನ್‌ಸ್ಪೆಕ್ಟರು ಹೊರಡುವಾಗ ಇಂಥ ಪಾಠ ಮಾಡಿ ಅಂತ ಬೇರೆ ಶಾಲೆಗಳಿಗೂ ಹೇಳುತ್ತೇನೆ ಅಂದರಂತೆ. ಮಿಸ್ಸು ಅದನ್ನು ಹೇಳುವಾಗ ಅಳುತ್ತಿದ್ದರು. ಹುಳದ ಮೇಲೆ ಕಣ್ಣೀರು ಬೀಳಿಸಬೇಡಿ, ಉಪ್ಪು ಆಗದು ಅಂದೆ. ಉಪ್ಪಿನ ವಿಷಯ ನಾನು ಅಲ್ಲೇ ಕಟ್ಟಿದ್ದು, ಆದರೆ ಅಳು ನಿಂತಿತು.

ಆಮೇಲೆ ಮಂಜುಳನ ಕಡೆ ತಿರುಗಿ ಹೇಳಿದೆ. ನಾನು ಹಾಗೆಲ್ಲ ಮಕ್ಕಳನ್ನು ಹೊಗಳುವವಳಲ್ಲ. ಆದರೂ ಅಂದೆ, ನನ್ನ ಕಣ್ಣು ನೋಡಿ ತಕ್ಷಣ ಮಾತು ತಿರುಗಿಸಿದೆಯಲ್ಲ, ಮಿಸ್ಸನ್ನು ಉಳಿಸಿದೆ, ಪರವಾಗಿಲ್ಲ ನೀನು.

ಮಿಸ್ಸು ತಲೆ ಎತ್ತಿದರು. "ಏನು ತಿರುಗಿಸಿದ್ಲು ಅಕ್ಕ? ಮೊನ್ನೆಯಿಂದ ಅವಳು ಅದನ್ನೇ ಹೇಳ್ತಿದ್ದಾಳೆ. ಅಮ್ಮನ ಮೇಲೆ ಬೇಡ ಕಣೆ, ಬೇರೆ ಹೇಳು ಅಂತ ನಾನೇ ಎಷ್ಟು ಹೇಳಿದೆ, ಕೇಳಲಿಲ್ಲ."

ಹುಳದ ಮನೆಯಲ್ಲಿ ಸರಸರ ಸದ್ದು ಕೂಡ ಇರಲಿಲ್ಲ. ಹಣ್ಣಾದ ಹುಳ ತಿನ್ನುವುದಿಲ್ಲವಲ್ಲ. ನಾಗಮ್ಮ ಎದ್ದು, ಒಲೆ ಮೇಲೆ ಏನೋ ಇಟ್ಟು ಬಂದಿದ್ದೀನಿ ಅಂತ ಹೊರಟುಹೋದಳು. ಅವಳ ಒಲೆ ಬೆಳಗಿನಿಂದ ಹತ್ತಿರಲಿಲ್ಲ.

"ನಾನು ಹೇಳಿದ್ದು ಛೇರ್ಮನ್ನಿಗೆ ಕಣೇ," ಅಂದೆ.

ಮಂಜುಳ ಹುಳುವನ್ನು ನೋಯದ ಹಾಗೆ ಎರಡು ಬೆರಳಲ್ಲಿ ಎತ್ತಿ ಸುರುಳಿಯೊಳಗೆ ಬಿಟ್ಟಳು. ಇನ್ನೊಂದನ್ನು ಎತ್ತಿದಳು.

"ಕಣ್ಣಾರೆ ಕಂಡಿದ್ದೇ ಹೇಳ್ಬೇಕು ಅಂದಿದ್ರು ಮಿಸ್ಸು. ಛೇರ್ಮನ್ನಿನ ಕೆಳಗೆ ನಾನು ಯಾವತ್ತು ನಿಂತಿದ್ದೀನಮ್ಮಾ? ನಂಗೆ ಗೊತ್ತಿರೋ ಮರ ಒಂದೇ."

ಬಾಯಿಗೆ ಬಂದದ್ದನ್ನು ಬಯ್ಯಲು ನನಗೆ ಯಾವತ್ತೂ ಹುಡುಕಬೇಕಾಗಿರಲಿಲ್ಲ. ಅವತ್ತು ಸಿಮಿಲಿಯೂ ಸಿಗಲಿಲ್ಲ, ಮೆಟಫರ್ರೂ ಸಿಗಲಿಲ್ಲ. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಹುಳ ಆರಿಸಿದೆ. ಮೂವರೂ ದೀಪ ಹಚ್ಚುವವರೆಗೆ ಆರಿಸಿದೆವು.

ಮಿಸ್ಸಿನ ಕೆಲಸಕ್ಕೆ ಮಂಜೂರಾತಿ ಬಂತು. ಛೇರ್ಮನ್ನಿನ ತಮ್ಮನ ಮಗ ಮುಳಬಾಗಿಲಲ್ಲೇ ಟೈಪಿಂಗ್ ಕಲಿಸುವ ಅಂಗಡಿ ತೆಗೆದ. ಮಿಸ್ಸು ನಮ್ಮ ಕೋಣೆಯಲ್ಲಿ ಬಹಳ ಕಾಲ ಇದ್ದು, ಮದುವೆಯಾಗಿ ಮಾಲೂರಿಗೆ ಹೋದರು. ಹೋಗುವ ದಿನ ಧೈರ್ಯ ಮಾಡಿ ಪೌಡರು ಹಾಕಿಕೊಂಡು ನನ್ನೆದುರಿಗೆ ಬಂದು ನಿಂತರು. ಚೆನ್ನಾಗಿ ಕಾಣುತ್ತೀರಿ ಅಂದೆ, ಹುಳದ ಮನೆಯ ಬಾಗಿಲು ಹಾಕಿಕೊಂಡು. ಮಂಜುಳ ಓದಿದಳು, ಅವಳೂ ಕೋಲಾರ ಸೇರಿದಳು. ಆ ಮಾತನ್ನು ಅವಳಾಗಲಿ ನಾನಾಗಲಿ ಮತ್ತೆ ಎತ್ತಲಿಲ್ಲ. ಎತ್ತಿ ಮಾಡುವುದೇನು? ಹುಣಿಸೆಮರದ ಹತ್ತಿರ ಹೋಗಿ ನೀನು ಹೀಗಿರಬೇಡ ಅಂದರೆ ಅದು ಕೇಳುತ್ತದೆಯೇ? ಹಿತ್ತಲಲ್ಲಿ ಒಂದಿದೆ, ಕೆಲವು ಸಲ ಕಸ ಗುಡಿಸುವಾಗ ಅದರ ಬುಡದಲ್ಲಿ ನಿಂತು ನೋಡುತ್ತೇನೆ. ಏನೂ ಬೆಳೆದಿಲ್ಲ. ಗುಡಿಸಲು ಸುಲಭ.

ಇವತ್ತು ಬೆಳಿಗ್ಗೆ ಚಂದ್ರಿಕೆಯನ್ನು ಒರೆಸಿ ಕಾರಿಗೆ ಕಟ್ಟಿಸಿದ್ದಾಯಿತು. ರಟ್ಟಿನ ಚೂರು ಅಲ್ಲೇ ಇರಲಿ ಅಂದಳು ಮಂಜುಳ, ಇರಲಿ ಅಂದೆ. ಬಿಸಿಲು ಬೀಳದ ಗೋಡೆ ನೋಡಿದ್ದಾಳಂತೆ. ಅದರ ಕೆಳಗೆ ಒಂದು ಕುಂಡ ಇಟ್ಟು ಗಿಡ ಹಾಕುತ್ತಾಳಂತೆ.

ಹಾಕು ಅಂದಿದ್ದೇನೆ. ನನ್ನ ಮನೆಯ ಸಾಮಾನಿನ ಕೆಳಗೆ ಏನಾದರೂ ಬೆಳೆಯುತ್ತದೋ ನೋಡೋಣ.